ಬಲ ಹೆಗಲಿನ ಪಟ್ಟಿ

ಇಟಲಿಯ ಸುದ್ದಿಚಿತ್ರಗಳಲ್ಲಿ ಒಂದು ವೇಷ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಸೇತುವೆ ಉದ್ಘಾಟನೆ ಇರಲಿ, ಹುತಾತ್ಮರ ಕಲ್ಲಿಗೆ ಹೂವಿಡುವುದಿರಲಿ, ಊರ ಸಂತನ ಮೆರವಣಿಗೆ ಇರಲಿ, ಸೂಟಿನ ಮೇಲೆ ಅಡ್ಡಲಾಗಿ ಹಸಿರು, ಬಿಳಿ, ಕೆಂಪಿನ ಅಗಲ ಪಟ್ಟಿ ಹಾಕಿಕೊಂಡು ಒಬ್ಬರು ನಿಂತಿರುತ್ತಾರೆ. ಮೊದಲ ಸಲ ನೋಡಿದಾಗ, ಈ ವಯಸ್ಸಿನಲ್ಲಿ ಇವರು ಯಾವ ಸೌಂದರ್ಯ ಸ್ಪರ್ಧೆ ಗೆದ್ದರಪ್ಪಾ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಊರಿನ ಮೇಯರ್. ಅಲ್ಲಿಯವರ ಬಾಯಲ್ಲಿ ಸಿಂದಕೊ.

ಪಟ್ಟಿ ಬಲ ಹೆಗಲಿನಿಂದ ಎಡ ಸೊಂಟಕ್ಕೆ ಇಳಿಯುತ್ತದೆ. ಅಜ್ಜಿ ನೋಡಿದ್ದರೆ, "ಜನಿವಾರ ಅಪಸವ್ಯ ಮಾಡ್ಕೊಂಡು ನಿಂತಿದಾನಲ್ಲೋ, ಯಾರ ತಿಥಿ ಇವತ್ತು?" ಎಂದು ಕೇಳುತ್ತಿದ್ದಳೇನೋ. ಆ ಪಟ್ಟಿಯ ಮೇಲೆ ಎರಡು ಲಾಂಛನ. ಒಂದು ದೇಶದ್ದು, ಒಂದು ಊರಿನದು. ಅದು ಸುಮ್ನೆ ಅಲಂಕಾರಕ್ಕಲ್ಲ. ಸಿಂದಕೊ ಅರ್ಧ ಊರಿನ ಯಜಮಾನ, ಇನ್ನರ್ಧ ಸರ್ಕಾರದ ಅಧಿಕಾರಿ. ಹುಟ್ಟು, ಮದುವೆ, ಸಾವಿನ ದಾಖಲೆ ಇಡುವ ಕೆಲಸ ಅವರು ಸರ್ಕಾರದ ಪರವಾಗಿ ಮಾಡುವುದು.

ಮದುವೆಯನ್ನೇ ನೋಡಿ. ಚರ್ಚ್ ಬೇಡ ಎಂದ ಜೋಡಿ ಪುರಭವನಕ್ಕೆ ಬರುತ್ತದೆ. ಪಟ್ಟಿ ಹಾಕಿಕೊಂಡವರು ಸಿವಿಲ್ ಸಂಹಿತೆಯ 143, 144, 147ನೇ ಕಲಮುಗಳನ್ನು ಗಟ್ಟಿಯಾಗಿ ಓದುತ್ತಾರೆ. ಒಬ್ಬರಿಗೊಬ್ಬರು ನಿಷ್ಠೆಯಿಂದಿರಿ, ಕಷ್ಟಕ್ಕೆ ಆಗಿ, ಒಟ್ಟಿಗೆ ಬಾಳಿ, ಮಕ್ಕಳನ್ನು ಸಾಕಿ ಓದಿಸಿ. ಮಂತ್ರದ ಜಾಗದಲ್ಲಿ ಕಲಮು. ಅರ್ಥವಾಗುತ್ತದೆ ಅನ್ನುವುದೊಂದು ಲಾಭ. ಮೇಯರ್‌ಗೆ ಬಿಡುವಿಲ್ಲದಿದ್ದರೆ, ಕೌನ್ಸಿಲರ್ ಆಗುವ ಅರ್ಹತೆ ಇರುವ ಯಾರಿಗೆ ಬೇಕಾದರೂ ಆ ಕೆಲಸ ಒಪ್ಪಿಸಬಹುದು. ಹಾಗಾಗಿ ಮದುಮಗನ ಗೆಳೆಯನೇ ಒಂದು ಗಂಟೆ ಪಟ್ಟಿ ಹಾಕಿಕೊಂಡು ಪುರೋಹಿತನಾಗುವುದೂ ಉಂಟು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಇನ್ನೊಂದು ರುಜು. 1978ರಲ್ಲಿ ಇಟಲಿ ತನ್ನ ಹುಚ್ಚಾಸ್ಪತ್ರೆಗಳನ್ನು ಮುಚ್ಚಲು ಕಾಯ್ದೆ ಮಾಡಿತು. ಅಂದಿನಿಂದ ಮಾನಸಿಕ ಕಾಯಿಲೆ ಉಲ್ಬಣಿಸಿದವರನ್ನು ಅವರ ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ ಸೇರಿಸಬೇಕಾದರೆ ಇಬ್ಬರು ವೈದ್ಯರು ಹೇಳಿದರಷ್ಟೇ ಸಾಲದು. ಮೇಯರ್ ಆದೇಶಕ್ಕೆ ರುಜು ಹಾಕಬೇಕು, ಅದು 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹೋಗಬೇಕು. ಅವಧಿ 7 ದಿನ. ಜಾಸ್ತಿ ಬೇಕಾದರೆ ವೈದ್ಯರು ಮತ್ತೆ ಕಾರಣ ಬರೆದುಕೊಡಬೇಕು. ಒಬ್ಬ ಮನುಷ್ಯನ ಸ್ವಾತಂತ್ರ್ಯ ಕಸಿಯುವ ಕಾಗದಕ್ಕೆ ಯಾರೋ ದೂರದ ಸಾಹೇಬರಲ್ಲ, ಊರಿನವರು ಓಟು ಹಾಕಿ ಆರಿಸಿದವರು ಹೆಸರು ಹಾಕಬೇಕು. ಸಣ್ಣ ಊರಾದರೆ ಆ ರೋಗಿ ಪರಿಚಯದವನೇ ಆಗಿರುತ್ತಾನೆ. ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಅವನ ಅಣ್ಣ ಎದುರಾದರೆ ಏನು ಮಾತಾಡುವುದು?

ಅದೇ ಪೆನ್ನು ತಮಾಷೆಗೂ ಬರುತ್ತದೆ. ದಕ್ಷಿಣದಲ್ಲಿ, ನೇಪಲ್ಸ್‌ನಿಂದ ತುಸು ಮೇಲೆ, ಫಾಲ್ಚಾನೊ ದೆಲ್ ಮಾಸ್ಸಿಕೊ ಎಂಬ ಪುಟ್ಟ ಊರಿದೆ. ಪಕ್ಕದ ಊರಿನಿಂದ ಪಾಲಾಗಿ ಬಂದದ್ದು. ಪಾಲಿನಲ್ಲಿ ಸ್ಮಶಾನ ಮಾತ್ರ ಆ ಕಡೆ ಉಳಿಯಿತು. ಜಗಳ ಮುಗಿಯಲೇ ಇಲ್ಲ. 2012ರಲ್ಲಿ ಮೇಯರ್ ಆದೇಶ ಹೊರಡಿಸಿದರು: ಈ ಊರಿನಲ್ಲಿ ಯಾರೂ ಸಾಯುವಂತಿಲ್ಲ. ಅವರ ಹೆಸರು ಜೂಲಿಯೊ ಚೇಸರೆ ಫಾವ. ಜೂಲಿಯೊ ಚೇಸರೆ ಅಂದರೆ ಜೂಲಿಯಸ್ ಸೀಸರ್! ಇಬ್ಬರು ಮುದುಕರು ಮಾತು ಕೇಳಲಿಲ್ಲ ಎಂದು ಅವರು ಪತ್ರಕರ್ತರ ಮುಂದೆ ಬೇಸರಪಟ್ಟುಕೊಂಡರಂತೆ.

ಈ ಪಟ್ಟಿಯನ್ನು ಜನ ನೇರವಾಗಿ ತೊಡಿಸಲು ಶುರುಮಾಡಿದ್ದು 1993ರಿಂದ. ಅದಕ್ಕೆ ಮುಂಚೆ ಕೌನ್ಸಿಲರುಗಳೇ ಆರಿಸುತ್ತಿದ್ದರು. ಮುಸೊಲಿನಿಯ ಕಾಲದಲ್ಲಂತೂ ಚುನಾವಣೆಯೇ ಇಲ್ಲ, ಮೇಲಿನಿಂದ ನೇಮಿಸಿದ ಪೊದೆಸ್ತಾ. ಈಗ ಅವಧಿ 5 ವರ್ಷ. ಹೊಗಳಿಕೆಯೂ ಬೈಗುಳವೂ ಒಂದೇ ವಿಳಾಸಕ್ಕೆ ಬರುತ್ತವೆ. ರಸ್ತೆಗುಂಡಿ, ಕಸ, ಬಾರದ ಬಸ್ಸು, ಎಲ್ಲಕ್ಕೂ ಸಿಂದಕೊ. ಫ್ಲಾರೆನ್ಸಿನ ಮೇಯರ್ ಆಗಿದ್ದ ಜೋರ್ಜೊ ಲಾ ಪೀರ 1950ರ ದಶಕದಲ್ಲಿ ಮನೆಯಿಲ್ಲದವರಿಗಾಗಿ ಸಿರಿವಂತರ ಖಾಲಿ ಮನೆಗಳನ್ನೇ ವಶಕ್ಕೆ ಪಡೆದಿದ್ದರು. ತಾವು ಮಾತ್ರ ಮಠದ ಒಂದು ಕೋಣೆಯಲ್ಲಿ ಇರುತ್ತಿದ್ದರು.

ರೋಮ್‌ನ ಮೇಯರ್ ಕಚೇರಿ ಇರುವುದು ಕ್ಯಾಪಿಟಲ್ ಗುಡ್ಡದ ಮೇಲೆ. 1907ರಲ್ಲಿ ಅಲ್ಲಿಗೆ ಬಂದವರು ಎರ್ನೆಸ್ತೊ ನಾಥನ್, ಲಂಡನ್ನಿನಲ್ಲಿ ಹುಟ್ಟಿದ ಯೆಹೂದಿ. ಅವರು ಆಯವ್ಯಯ ಪತ್ರ ತಿರುವಿ ಹಾಕುವಾಗ ಒಂದು ಬಾಬ್ತು ಕಂಡಿತಂತೆ: ಬೆಕ್ಕುಗಳಿಗೆ ಬೋಟಿ. ಏನಿದು ಅಂದರೆ, ದಫ್ತರದ ಕಡತಗಳನ್ನು ಇಲಿ ತಿನ್ನದಿರಲಿ ಎಂದು ಸಾಕಿದ ಬೆಕ್ಕುಗಳ ಊಟ. ನಾಥನ್ ಅದರ ಮೇಲೆ ಗೀಟು ಎಳೆದು, "ಬೆಕ್ಕಿಗೆ ಬೋಟಿ ಇಲ್ಲ" ಎಂದು ಬರೆದರಂತೆ. ಇಲಿ ಸಿಕ್ಕರೆ ತಿನ್ನಲಿ, ಸಿಗದಿದ್ದರೆ ಬೆಕ್ಕೇ ಯಾಕೆ? ಕಥೆ ನಿಜವೋ ಕಟ್ಟಿದ್ದೋ, ಇವತ್ತಿಗೂ ದುಡ್ಡು ಕೇಳಿ ಬಂದವರನ್ನು ರೋಮಿನವರು ಸಾಗಹಾಕುವುದು ಅದೇ ಮಾತಿನಿಂದ.

ಆ ಕಚೇರಿಗೊಂದು ಬಾಲ್ಕನಿ ಇದೆ. ಕೆಳಗೆ ಹಳೆಯ ರೋಮ್‌ನ ಮುರಿದ ಕಂಬಗಳು. ದೊಡ್ಡ ಅತಿಥಿಗಳು ಬಂದರೆ ಅಲ್ಲಿಗೆ ಕರೆತಂದು ತೋರಿಸುತ್ತಾರೆ. 1991ರ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಬದುಕುವ ಬೆಕ್ಕನ್ನು ಯಾರೂ ಹಿಂಸಿಸುವಂತಿಲ್ಲ. ಆ ಕಲ್ಲುಗಳ ಮೇಲೆ ಬಿಸಿಲು ಕಾಯಿಸುವ ಬೆಕ್ಕುಗಳಿಗೆ ಈಗ ಬೋಟಿಯ ಚಿಂತೆಯಿಲ್ಲ. ಅಕ್ಕಪಕ್ಕದ ಹೆಂಗಸರು ಡಬ್ಬಿಯಲ್ಲಿ ಪಾಸ್ತಾ ತಂದು ಹಾಕುತ್ತಾರೆ.