ಬಿಚ್ಚುವ ಮೊದಲು ಸ್ವಲ್ಪ ತಡೆಯಿರಿ

ಹೋದ ವಾರ ಕಾರಟಗಿಯ ಹುಡುಗನೊಬ್ಬ ವಾಟ್ಸಾಪಿಗೆ ಫೋಟೋ ಕಳಿಸಿದ್ದ. ಎರಡು ಯೂರಿಯಾ ಚೀಲ, ಅದರ ತುಂಬ ಒಂದು ಹಳೇ ಯೆಜ್ಡಿ ಬೈಕಿನ ಸಾಮಾನು. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಫ್ರೇಮು. "ಅಣ್ಣಾ, ಇದರಾಗ ಏನೇನ್ ಇಲ್ಲ ನೋಡಿ ಹೇಳ್ರಿ, ಜೋಡಿಸಾಕ ಆಗತೈತೇನು?" ಅಂತ ಕೇಳಿದ್ದ. ನಾಲ್ಕು ವರ್ಷದ ಹಿಂದೆ ಆ ಗಾಡಿ ಇಡಿಯಾಗಿಯೇ ಇತ್ತಂತೆ. ಸ್ಟಾರ್ಟ್ ಆಗುತ್ತಿರಲಿಲ್ಲ, ಅಷ್ಟೇ. ಹುರುಪಿನಲ್ಲಿ ತಂದು ಒಂದೇ ಭಾನುವಾರ ಪೂರ್ತಿ ಬಿಚ್ಚಿದ್ದಾನೆ. ಆಮೇಲೆ ಕೆಲಸ ಸಿಕ್ಕು ಬೆಂಗಳೂರಿಗೆ ಹೋದ. ಅವನ ತಾಯಿ ಸಾಮಾನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿದ್ದಾರೆ.

ಹುಡುಗನನ್ನು ಬಯ್ಯುವ ಮನಸ್ಸು ನನಗಿಲ್ಲ. ಆದರೆ ಈ ಫೋಟೋ ನೋಡಿದಾಗಿನಿಂದ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಳೇ ಗಾಡಿ ಹುಡುಕಿ ತರುವವರು ಈಗ ಬಹಳ ಆಗಿದ್ದಾರೆ. ತರುವುದಕ್ಕೆ ನನ್ನ ತಕರಾರಿಲ್ಲ, ನಾನೂ ತಂದವನೇ. ಆದರೆ ಮುಗಿಸುವ ತಾಕತ್ತು, ಸಮಯ, ರೊಕ್ಕ ಇಲ್ಲದಿದ್ದರೆ ಅದನ್ನು ಇದ್ದಲ್ಲೇ ಬಿಡಿ. ಬೇವಿನ ಗಿಡದ ಕೆಳಗೆ ಇಪ್ಪತ್ತು ವರ್ಷ ನಿಂತ ಗಾಡಿಯನ್ನು ಯಾರಾದರೂ ಮತ್ತೆ ಓಡಿಸಬಹುದು. ಅರ್ಧ ಬಿಚ್ಚಿ ಚೀಲಕ್ಕೆ ತುಂಬಿದ್ದು ಗುಜರಿಗೆ ಹೋಗುವುದೇ ಹೆಚ್ಚು. ಯಾವ ನಟ್ಟು ಎಲ್ಲಿಯದು, ಯಾವ ವಾಷರ್ ಯಾವುದರ ಹಿಂದೆ ಅಂತ ಬಿಚ್ಚಿದವನ ತಲೆಯಲ್ಲಿ ಮಾತ್ರ ಇರುತ್ತದೆ. ಆರು ತಿಂಗಳಿಗೆ ಅದೂ ಮರೆತುಹೋಗುತ್ತದೆ.

ನನ್ನ ಯೆಜ್ಡಿ ರೋಡ್‌ಕಿಂಗ್ ಸಿಕ್ಕಿದ್ದು ಗಂಗಾವತಿಯ ಒಂದು ಅಕ್ಕಿ ಗಿರಣಿಯ ಶೆಡ್ಡಿನಲ್ಲಿ. ಮಾಲೀಕರು ತೀರಿಕೊಂಡು ವರ್ಷಗಳಾಗಿದ್ದವು. ಮಗ ತೋರಿಸಿದಾಗ ಅದು ಗಾಡಿ ಅಂತಲೇ ಗೊತ್ತಾಗುವಂತಿರಲಿಲ್ಲ. ಗಿರಣಿಯ ತೌಡಿನ ದೂಳು ಎಂಜಿನ್ನಿನ ರೆಕ್ಕೆಗಳ ನಡುವೆ ಕೂತು, ಸೋರಿದ ಆಯಿಲ್ ಕುಡಿದು, ಕಡುಬಿನ ಹಿಟ್ಟಿನಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಸಂದಿ ಕೆದರಿದೆ. ಎರಡೂ ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಈ ಗಾಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕು. ಒತ್ತಿ ನೋಡಿದೆ, ಒಂದಿಷ್ಟೂ ಕೆಳಗಿಳಿಯಲಿಲ್ಲ. ಎಂಜಿನ್ ಹಿಡಿದಿತ್ತು, ಅಂದರೆ ಪಿಸ್ಟನ್ ಒಳಗೇ ಅಂಟಿಕೊಂಡಿತ್ತು.

ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಕಿಕ್ಕಿನ ಮೇಲೆ ಎದ್ದು ನಿಂತು ಮೈಭಾರ ಹಾಕುತ್ತಾರೆ. ಕಿಕ್ ಶಾಫ್ಟ್ ಮುರಿಯುತ್ತದೆ, ಇಲ್ಲವೇ ಪಿಸ್ಟನ್ ರಿಂಗಿನ ಚೂರು ಬೋರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಗೀರಿಹಾಕುತ್ತದೆ. ನಾನು ಪ್ಲಗ್ ತೆಗೆದು ಆ ತೂತಿನಲ್ಲಿ ಡೀಸೆಲ್ ಮತ್ತು ಆಯಿಲ್ ಕಲಸಿ ಸುರಿದೆ, ಬಟ್ಟೆ ತುರುಕಿ ಬಿಟ್ಟೆ. ದಿನಾ ಸಂಜೆ ಒಂದಿಷ್ಟು ಸೇರಿಸುವುದು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ಆಡಿಸುವುದು. ಒಂಬತ್ತು ದಿನ ಕಲ್ಲು. ಹತ್ತನೇ ದಿನ ಚಕ್ರ ಒಂದು ಬೆರಳಗಲ ಸರಿಯಿತು. ಅಂಗಳದಲ್ಲಿ ಒಬ್ಬನೇ ಕೂತಿದ್ದೆ, ಕಣ್ಣು ತುಂಬಿ ಬಂತು.

ಹಾಗಂತ ಎಂಜಿನ್ ಬಿಟ್ಟುಕೊಂಡ ತಕ್ಷಣ ಪೆಟ್ರೋಲ್ ಹಾಕಿ ಓಡಿಸಬೇಡಿ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಇಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಎರಡೂ ಬದಿಯ ಆಯಿಲ್ ಸೀಲ್ ಬಿಗಿಯಾಗಿರಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಸೀಳಿರುತ್ತವೆ. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲು, ಆಯಿಲ್ ಎರಡೂ ಸಾಲದೆ ಪಿಸ್ಟನ್ ಕಾಯ್ದು ಮತ್ತೆ ಹಿಡಿಯುತ್ತದೆ. ಆಗ ಲೇತಿಗೆ ಒಯ್ದು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹುಡುಕುವುದೇ ದಾರಿ. ಹಳೇ ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ವಾಪಸ್ ಬಂದವು ನಿಜ. ಆದರೆ ಅವು ಬೇರೆಯೇ ಗಾಡಿಗಳು, ಅವುಗಳ ಎಂಜಿನ್ ಸಾಮಾನು ಹಳೆಯದಕ್ಕೆ ಕೂಡುವುದಿಲ್ಲ. ಅದಕ್ಕೇ ಹಳೆಯ ಒಂದು ಬೋಲ್ಟನ್ನೂ ಎಸೆಯಬೇಡಿ.

ನಮ್ಮ ಕಡೆಯ ಬಿಸಿಲಿನ ಬಗ್ಗೆಯೂ ಹೇಳಬೇಕು. ಕರಾವಳಿಯ ಗಾಡಿಗೆ ಹೋಲಿಸಿದರೆ ನಮ್ಮ ಗಾಡಿಗಳ ಕಬ್ಬಿಣ ಚಲೋ ಉಳಿದಿರುತ್ತದೆ. ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿದರೆ ತಗಡು ಇನ್ನೂ ದಪ್ಪ ಇರುತ್ತದೆ. ರಬ್ಬರು, ವೈರು, ಸೀಟು ಮಾತ್ರ ಸುಟ್ಟ ಹಪ್ಪಳ. ಸಂಡೂರು, ಹೊಸಪೇಟೆ ಕಡೆಯ ಗಾಡಿಯಾದರೆ ಅದಿರಿನ ಕೆಂಪು ದೂಳು ಕಾರ್ಬೊರೇಟರ್ ತನಕ ಹೊಕ್ಕಿರುತ್ತದೆ. ಮೇಲಿನ ಬಣ್ಣ ನೋಡಿ ರೇಟು ಕಟ್ಟಬೇಡಿ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ.

ಇನ್ನು ಕಾಗದಪತ್ರ. ಗಾಡಿಗಿಂತ ಮೊದಲು ನೋಡಬೇಕಾದ್ದು ಇದನ್ನೇ. ನಮ್ಮಲ್ಲಿ ಗಾಡಿ ಅಜ್ಜನ ಹೆಸರಿನಲ್ಲಿರುತ್ತದೆ, ಅಜ್ಜ ಇರುವುದಿಲ್ಲ. ಮೊದಲು ವಾರಸುದಾರರು ಆರ್‌ಟಿಒ ಕಚೇರಿಗೆ ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ಅಣ್ಣತಮ್ಮಂದಿರೆಲ್ಲ ಒಪ್ಪಬೇಕು. ಆಮೇಲೆ ಫಾರಂ 29, 30 ಕೊಟ್ಟು ನಿಮ್ಮ ಹೆಸರಿಗೆ. ಹದಿನೈದು ವರ್ಷ ದಾಟಿದ ಗಾಡಿಗೆ ರಿಜಿಸ್ಟ್ರೇಷನ್ ನವೀಕರಣ ಬೇರೆ, ಅದೂ ಐದೈದು ವರ್ಷಕ್ಕೊಮ್ಮೆ. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಳೆಯ ಗಾಡಿಯಾದರೆ ದಾಖಲೆ ಹುಡುಕಿಕೊಂಡು ರಾಯಚೂರಿಗೇ ಹೋಗಬೇಕಾಗಬಹುದು. ಕಂಪ್ಯೂಟರಿಗೆ ಏರದೆ ಉಳಿದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು 50 ವರ್ಷ ದಾಟಿದ ಗಾಡಿಗೆ ಮಾತ್ರ. ಫೀ 20,000 ರೂಪಾಯಿ, ಅದರಲ್ಲಿ ದಿನನಿತ್ಯ ಓಡಾಡುವ ಹಾಗಿಲ್ಲ.

ನನ್ನದೇ ಒಂದು ನೋವು ಹೇಳುತ್ತೇನೆ. ಫ್ರೇಮನ್ನು ಪೇಂಟಿಗೆ ಕೊಟ್ಟಿದ್ದೆ. ಫ್ರೇಮಿನ ಮೇಲೆ ಒತ್ತಿರುವ ಚಾಸಿ ನಂಬರ್ ಮುಟ್ಟಬೇಡಿ ಅಂತ ಎರಡು ಸಲ ಹೇಳಿದ್ದೆ. ಅಂಗಡಿಯವರು ಅದರ ಮೇಲೂ ಪುಟ್ಟಿ ಹಚ್ಚಿ, ಉಜ್ಜಿ, ಕನ್ನಡಿಯಂತೆ ಹೊಳೆಯುವ ಬಣ್ಣ ಬಳಿದುಕೊಟ್ಟರು. ಆರ್‌ಟಿಒ ತಪಾಸಣೆಯ ದಿನ ನಂಬರೇ ಕಾಣಲಿಲ್ಲ, ಗಾಡಿ ವಾಪಸ್. ಮನೆಗೆ ಬಂದು ಪೇಂಟ್ ರಿಮೂವರ್ ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಒಂದೊಂದೇ ಅಂಕಿ ಬಿಳಿಯಾಗಿ ಏಳುತ್ತಾ ಬಂತು. ಕೊನೆಯದು ಮೂರೋ ಎಂಟೋ ಗೊತ್ತಾಗದೆ ಅರ್ಧ ರಾತ್ರಿ ಕೂತಿದ್ದೆ. ಬೆಳಗಿನ ಬಿಸಿಲಿನಲ್ಲಿ ಎಂಟು ಅಂತ ಖಾತ್ರಿಯಾಯಿತು. ನೀವು ಆ ನಂಬರಿನ ಮೇಲೆ ಟೇಪ್ ಅಂಟಿಸಿ, ಫೋಟೋ ತೆಗೆದುಕೊಂಡು ಆಮೇಲೆ ಪೇಂಟಿಗೆ ಕೊಡಿ.

ಲೆಕ್ಕ ಬೇಕಾದವರಿಗೆ: ಗಾಡಿಗೆ ಕೊಟ್ಟದ್ದು 22,000. ಅದರ ಮೇಲೆ ಆದ ಖರ್ಚು 68,000. ಹಿಡಿದದ್ದು ಹದಿನಾಲ್ಕು ತಿಂಗಳು. ಇಷ್ಟು ಕೂಡಿಟ್ಟುಕೊಳ್ಳದೆ ಸ್ಪ್ಯಾನರ್ ಹಿಡಿಯಬೇಡಿ. ಇಂಥ ಗಾಡಿಯ ಹಿಂಭಾಗ ಕೊಯ್ದು "ಮಾಡಿಫೈ" ಮಾಡುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಕೊಯ್ಯಲಿಕ್ಕೆ ಬೇರೆ ಗಾಡಿ ಎಷ್ಟು ಬೇಕಾದರೂ ಸಿಗುತ್ತವೆ, ಇವನ್ನು ಬಿಡಿ.

ಮೊನ್ನೆ ಕುಷ್ಟಗಿ ಹತ್ತಿರದ ಹಳ್ಳಿಗೆ ಒಂದು ರಾಜದೂತ್ 175 ಬೈಕು ನೋಡಲು ಹೋಗಿದ್ದೆ. ಗಾಡಿ ಇಡಿಯಾಗಿತ್ತು, ಆದರೆ ಆರ್‌ಸಿ ಇಲ್ಲ, ಹೆಸರಿದ್ದವರ ಮಕ್ಕಳಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ನನ್ನ ಕೈಯಲ್ಲಿ ಈ ವರ್ಷ ಬಿಡುವೂ ಇಲ್ಲ. "ಬ್ಯಾಡ್ರಿ ಕಾಕಾ, ನನ್ನಿಂದ ಈಗ ಆಗಂಗಿಲ್ಲ" ಅಂತ ಆ ಮನೆಯ ಹಿರಿಯರಿಗೆ ಅಂದೆ. "ಹಂಗಾರ ಗುಜರಿಯವ್ರಿಗೆ ಹಾಕಿಬಿಡ್ಲೇನಪಾ?" ಅಂದರು. ಹಾಕಬೇಡಿ, ಇನ್ನೊಂದು ವರ್ಷ ಇರಲಿ, ಕಾಗದ ಸರಿಯಾದರೆ ತಗೊಳ್ಳುವವರನ್ನು ನಾನೇ ಕರೆತರುತ್ತೇನೆ ಅಂತ ಕೈ ಹಿಡಿದು ಕೇಳಿಕೊಂಡೆ. ಆಮೇಲೆ ಕಾಕಾರ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಪ್ಲಗ್ ಬಿಚ್ಚಿ ನಾಲ್ಕು ಚಮಚ ಆಯಿಲ್ ಬಿಟ್ಟು ಮತ್ತೆ ಬಿಗಿದೆವು. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದೆವು. ಇಬ್ಬರೂ ಸೇರಿ ದನದ ಕೊಟ್ಟಿಗೆಯ ನೆರಳಿಗೆ ತಳ್ಳಿ, ಟೈರು ನೆಲಕ್ಕೆ ತಾಗದಂತೆ ಕೆಳಗೆ ಎರಡು ಸೈಜುಗಲ್ಲು ಕೊಟ್ಟು ನಿಲ್ಲಿಸಿ ಬಂದೆವು.