ನಾರ್ಮಲ್ ಹಾಕು

ಇವತ್ತು ಬೆಳಗ್ಗೆ ಹತ್ತೂವರೆಗೆ ಒಂದು ಕೊಟೇಶನ್ ಬಂತು. ಅದನ್ನು ನೋಡಿ ಏರಿದ ಸಿಟ್ಟು ಎರಡು ಲೋಟ ಕಷಾಯ ಕುಡಿದರೂ ಇಳಿದಿಲ್ಲ. ಅದರಲ್ಲಿ ಏನಿತ್ತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಅದನ್ನು ಕೇಳೋದಕ್ಕೆ ಪಟ್ಟ ಪಾಡು ಕೇಳಿ.

ನಾನು, ನಮ್ಮ ಭಾವ ಸೇರಿ ಶಿವಮೊಗ್ಗದ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ ಅಡಿಕೆ ಒಣಗಿದೆಯೋ ಇಲ್ಲವೋ ನೋಡುವ ಯಂತ್ರ ಮಾಡುತ್ತಿದ್ದೇವೆ. ಎರಡು ವರ್ಷದಿಂದ ಮಾಡುತ್ತಲೇ ಇದ್ದೇವೆ. ಸಂಗತಿ ಸರಳ. ಅಡಿಕೆ ಮೇಲೆ ಬೆಳಕು ಬಿಡೋದು, ವಾಪಸ್ ಬಂದದ್ದನ್ನು ಅಳೆಯೋದು. ನೀರಿಗೆ ಒಂದು ಚಟ ಇದೆ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕಲ್ಲಿ 970 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನದನ್ನು ಅದು ಕುಡಿಯುತ್ತೆ. ಅಡಿಕೆ ಹಸಿ ಇದ್ದಷ್ಟೂ ವಾಪಸ್ ಬರೋದು ಕಡಿಮೆ. 1450ರ ಹತ್ತಿರ ಇನ್ನೂ ಜೋರಾಗಿ ಕುಡಿಯುತ್ತೆ, ಆದರೆ ಅಲ್ಲಿ ನಮ್ಮ ಅಗ್ಗದ ಸಿಲಿಕಾನ್ ಸೆನ್ಸರ್‌ಗೆ ಕಣ್ಣೇ ಕಾಣೋಲ್ಲ. ಕಣ್ಣು ಕಾಣುವ ಸೆನ್ಸರ್ ತರೋಣ ಅಂದರೆ ತೋಟ ಅಡ ಇಡಬೇಕು. ಹಾಗಾಗಿ 970. ಅದೊಂದನ್ನೇ ಒಳಗೆ ಬಿಟ್ಟು ಉಳಿದ ಬೆಳಕನ್ನೆಲ್ಲ ಬಾಗಿಲಲ್ಲೇ ತಡೆಯೋಕೆ ನಾಣ್ಯದಷ್ಟು ದೊಡ್ಡ ಗಾಜಿನ ಬಿಲ್ಲೆ ಬೇಕು. ಅದೇ ಆಪ್ಟಿಕಲ್ ಫಿಲ್ಟರ್.

(ಫಿಲ್ಟರ್ ಅಂದ ಕೂಡಲೇ ಕಾಫಿ ಜೋಕು ಹೇಳುವವರ ಲೆಕ್ಕ ಇಡುತ್ತಿದ್ದೇನೆ. ನಿನ್ನೆಗೆ ಹನ್ನೊಂದು ಜನ. ದಯವಿಟ್ಟು ಹನ್ನೆರಡನೆಯವರಾಗಬೇಡಿ.)

ಮಂಡಿಯಲ್ಲಿ ರಾಶಿ ಅಡಿಕೆ ರೇಟು ಕೇಳಿದ ಹಾಗೆ, "ಫಿಲ್ಟರ್ ಒಂದಕ್ಕೆ ಎಷ್ಟು?" ಅಂತ ಅದನ್ನು ಮಾರುವ ಕಂಪನಿಗೆ ಒಂದು ಸಾಲಿನ ಮೇಲ್ ಹಾಕಿದ್ದೆ. ಉತ್ತರವಾಗಿ ಒಂದು ಫಾರ್ಮ್ ಬಂತು. ಹತ್ತೊಂಬತ್ತು ಖಾನೆ. ಹದಿನೇಳಕ್ಕೆ ಪಕ್ಕದಲ್ಲಿ ಕೆಂಪು ನಕ್ಷತ್ರ, ಅಂದರೆ ತುಂಬದೆ ಮುಂದೆ ಹೋಗೋ ಹಾಗಿಲ್ಲ.

ಇಲ್ಲಿ ನಮ್ಮ ಭಾವನ ಬಗ್ಗೆ ಸ್ವಲ್ಪ ಹೇಳಬೇಕು. ಯಾವ ಪ್ರಶ್ನೆಗೂ ಅವರ ಹತ್ತಿರ ಇರೋದು ಒಂದೇ ಉತ್ತರ, "ನಾರ್ಮಲ್". ಹೋಟೆಲಿನಲ್ಲಿ ದೋಸೆ ಯಾವುದು ಅಂದರೆ ನಾರ್ಮಲ್. ಕಟಿಂಗ್ ಶಾಪಿನಲ್ಲಿ ಹೇಗೆ ಕತ್ತರಿಸಲಿ ಅಂದರೆ ನಾರ್ಮಲ್, ಕತ್ತರಿಸೋಕೆ ಅಂಥದ್ದೇನೂ ಉಳಿದಿಲ್ಲದಿದ್ದರೂ. ಡಾಕ್ಟರು ಬಿಪಿ ಪಟ್ಟಿ ಸುತ್ತುವ ಮೊದಲೇ "ನಾರ್ಮಲ್ ಇರುತ್ತೆ ಬಿಡಿ" ಅಂತ ಅವರಿಗೇ ಹೇಳುತ್ತಾರೆ. ಹೋದ ವರ್ಷ ನಾಲ್ಕು ದಿನ ಬಿಡದೆ ಹೊಡೆದ ಮಳೆಗೆ ಕೊಟ್ಟಿಗೆಯ ಗೋಡೆ ಕುಸಿಯಿತು. ಅಕ್ಕ ಗಾಬರಿಯಲ್ಲಿ ಫೋನ್ ಮಾಡಿದರೆ ಹಿಂದಿನಿಂದ ಇವರ ದನಿ: "ಆಷಾಢದಲ್ಲಿ ಇದೆಲ್ಲ ನಾರ್ಮಲ್ಲೇ." ಅಂಥವರನ್ನು ಪಕ್ಕ ಕೂರಿಸಿಕೊಂಡು ನಾನು ಫಾರ್ಮ್ ತುಂಬೋಕೆ ಹೊರಟೆ. ನನ್ನದೇ ತಪ್ಪು.

"ಬ್ಯಾಂಡ್‌ವಿಡ್ತ್ ಎಷ್ಟು ಹಾಕಲಿ ಭಾವ?"

"ನಾರ್ಮಲ್ ಹಾಕು."

ಬ್ಯಾಂಡ್‌ವಿಡ್ತ್ ಅಂದರೆ ಫಿಲ್ಟರ್ ಒಳಗೆ ಬಿಡುವ ಬೆಳಕಿನ ಪಟ್ಟಿಯ ಅಗಲ. ನಾನು 10 ನ್ಯಾನೋಮೀಟರ್ ಅಂತ ಹಾಕಿದೆ.

"ಸುತ್ತಳತೆ, ಅಲ್ಲಲ್ಲ, ವ್ಯಾಸ?"

"ನಾರ್ಮಲ್ ಒಂದಿಂಚು ಮಾರಾಯ."

ಒಂದಿಂಚು ಅಂದರೆ 25.4 ಮಿಲಿಮೀಟರ್. ಅವರ ಪಟ್ಟಿಯಲ್ಲಿ 25 ಅಂತಿದೆ. ನಾವು ಲೇತ್‌ನಲ್ಲಿ ಕೊರೆಸಿಕೊಂಡು ಬಂದ ಹೋಲ್ಡರನ್ನು ವರ್ನಿಯರ್ ಹಿಡಿದು ನೋಡಿದರೆ ಒಂದು ಕಡೆ 25.2, ತಿರುಗಿಸಿ ಹಿಡಿದರೆ 25.6. ಅಂದರೆ ಅದು ದುಂಡಗೇ ಇಲ್ಲ. ಭಾವ ಏನಂದರು ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲಿನ ಖಾನೆ ಓಡಿ, ಅಂದರೆ ಆಪ್ಟಿಕಲ್ ಡೆನ್ಸಿಟಿ. ಬೇಡದ ಬೆಳಕನ್ನು ಎಷ್ಟು ಬಿಗಿಯಾಗಿ ತಡೆಯಬೇಕು ಅನ್ನೋ ಲೆಕ್ಕ ಅದು. ಓಡಿ 4 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ನುಸುಳುತ್ತೆ. ಈ ಲೆಕ್ಕದಲ್ಲಿ ನಮ್ಮ ಶೆಡ್ಡಿನ ತಗಡು ಮಳೆಗೆ ಓಡಿ 1, ಹತ್ತು ಹನಿಗೆ ಒಂದು ಹನಿ ಕೀಬೋರ್ಡ್ ಮೇಲೆ. "ಓಡಿ ಎಷ್ಟು?" ಅಂತ ಕೇಳಿದ್ದೇ ತಡ, ಭಾವ ಮೊದಲ ಸಲ ನಾರ್ಮಲ್ ಅನ್ನಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು, "ಬ್ಯಾಂಕಿನವರು ಮತ್ತೆ ಫೋನ್ ಮಾಡಿದ್ರಾ?" ಅಂದರು. ನಮ್ಮ ಓವರ್‌ಡ್ರಾಫ್ಟ್ ಎಷ್ಟಿದೆ ಅಂತ ಅವರು ಅಕ್ಕನಿಗೆ ಇನ್ನೂ ಹೇಳಿಲ್ಲ.

ಮುಂದಿನ ಖಾನೆ ಗಾಜಿನ ಮೇಲಿನ ಗೀರು ಮತ್ತು ಗುಂಡಿಯದ್ದು. 60-40 ಸಾಕಾ, 40-20 ಬೇಕಾ? ಅಂಕಿ ಇಳಿದಷ್ಟೂ ಗಾಜು ನುಣುಪು, ರೇಟು ಜಾಸ್ತಿ. ಎರಡನೇ ಅಂಕಿ 40 ಇದ್ದರೆ 0.4 ಮಿಲಿಮೀಟರ್ ಅಗಲದ ಗುಂಡಿವರೆಗೂ ಪರವಾಗಿಲ್ಲ ಅಂತ ಅರ್ಥ. ನಾನು "60-40 ಮಾಡೋಣ್ವಾ?" ಅಂದೆ. ಭಾವ ನೆಟ್ಟಗೆ ಕೂತರು. "60 ಯಾರಿಗೆ?" ನಮ್ಮ ಪಾಲುದಾರಿಕೆ ಪತ್ರದಲ್ಲೂ ಅದೇ ಅಂಕಿ ಇದೆ, ಆ ಗಾಯ ಇನ್ನೂ ಪೂರ್ತಿ ಒಣಗಿಲ್ಲ ಅನ್ನೋದು ನನಗೆ ಮರೆತೇ ಹೋಗಿತ್ತು. ಹತ್ತು ನಿಮಿಷ ಫಾರ್ಮ್ ನಿಂತಿತು.

ಈಗ ಬಂತು ನೋಡಿ ಆ ಖಾನೆ: ಬೆಳಕು ಫಿಲ್ಟರ್ ಮೇಲೆ ಬೀಳುವ ಕೋನ. ಇದನ್ನು ಸುಮ್ನೆ ಕೇಳೋದಲ್ಲ. ಈ ಬಗೆಯ ಫಿಲ್ಟರ್ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಹಾದುಹೋಗುವ ಪಟ್ಟಿ ಚಿಕ್ಕ ನ್ಯಾನೋಮೀಟರಿನ ಕಡೆಗೆ ಜಾರುತ್ತೆ. 970 ಅಂತ ತಂದದ್ದು 960 ಆಗಬಹುದು. ನನಗೆ ತಲೆ ಕೆಟ್ಟಿತ್ತು. ನಮ್ಮ ಹೋಲ್ಡರ್ ದುಂಡಗೇ ಇಲ್ಲ, ನೆಟ್ಟಗಿದೆ ಅಂತ ಹೇಗೆ ಹೇಳೋದು? ಕಂಪನಿಗೇ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ, "ಕೋನ ಎಷ್ಟು ಸರ್?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಎಲೆ ಅಡಿಕೆ ತುಂಬಿದ ಬಾಯಲ್ಲೇ ಅಂದರು: "ನಾರ್ಮಲ್."

"ಓಕೆ ಸರ್, ನಾರ್ಮಲ್ ಇನ್ಸಿಡೆನ್ಸ್. ಸೊನ್ನೆ ಡಿಗ್ರಿ. ಕರೆಕ್ಟ್."

ನೆಟ್ಟಗೆ, ಲಂಬವಾಗಿ ಬೀಳುವ ಬೆಳಕಿಗೆ ಆ ವಿದ್ಯೆಯಲ್ಲಿ ಹೆಸರೇ ನಾರ್ಮಲ್. ಭೌತಶಾಸ್ತ್ರದಲ್ಲಿ ಡಿಗ್ರಿ ಮಾಡಿದವನು ನಾನು. ಪಿಯುಸಿಯಲ್ಲಿ ಫಿಸಿಕ್ಸ್‌ಗೆ ಎರಡು ಸಲ ಕೂತವರು ಭಾವ. ಅವರು ಎದ್ದು ಬಾಗಿಲಿಗೆ ಹೋಗಿ, ಕವಳ ಉಗಿದು ಬಂದು, ಏನೂ ಆಗದವರ ಹಾಗೆ ಕೂತು, "ಮುಂದಿನದ್ದು ಏನು?" ಅಂದರು. ಆ ಕೂತ ಗತ್ತನ್ನು ನಾನು ಸಾಯೋವರೆಗೆ ಮರೆಯೋಲ್ಲ. ಸಂಜೆ ಅಕ್ಕನಿಗೆ ಗೊತ್ತಾಯಿತು, ರಾತ್ರಿ ಊಟದ ಹೊತ್ತಿಗೆ ತೀರ್ಥಹಳ್ಳಿಯ ಚಿಕ್ಕಮ್ಮನಿಗೂ ಗೊತ್ತಾಯಿತು. "ಕಂಪನಿಯವರೇ ಕರೆಕ್ಟ್ ಅಂದ್ರಂತೆ."

ಆಮೇಲಿನ ಖಾನೆಗಳು ಬೇಗ ಮುಗಿದವು. ಇದನ್ನು ರಾಸಾಯನಿಕ ಅಸ್ತ್ರಕ್ಕೆ ಬಳಸುತ್ತೀರಾ ಅಂತ ಒಂದಿತ್ತು. "ಬೋರ್ಡೋ ಲೆಕ್ಕಕ್ಕೆ ಬರುತ್ತಾ?" ಅಂತ ಭಾವ ನಿಜವಾಗಿಯೂ ಯೋಚಿಸಿದರು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ ಶೆಡ್ಡಿನ ಮೂಲೆಯಲ್ಲೇ ಇದ್ದವು. ಇಲ್ಲ ಅಂತ ಟಿಕ್ ಮಾಡಿದೆ.

ಕೊನೆಗೆ, ಬಳಸುವ ಜಾಗದ ತೇವಾಂಶ. ಜುಲೈ ತಿಂಗಳಲ್ಲಿ ಮಲೆನಾಡಿನವರನ್ನು ಕೇಳುವ ಪ್ರಶ್ನೆಯಾ ಇದು? ಡಬ್ಬಿಯ ಉಪ್ಪು ನೀರಾಗಿದೆ. ಬೆಲ್ಟಿನ ಮೇಲೆ ಹಸಿರು ಬೂಸ್ಟು. ನನ್ನ ಹಳೇ ಕ್ಯಾಮೆರಾದ ಲೆನ್ಸನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಎಳೆ ಎಳೆಯಾಗಿ ಹಬ್ಬಿದೆ. ತೇವ ಅಳೆಯೋಕೆ ಅಂತಲೇ ತಂದ ಮೀಟರು ಜೂನ್‌ನಿಂದ 'ಹಾಯ್' ಅಂತ ತೋರಿಸುತ್ತಿದೆ. ಮಿತಿ ಮೀರಿದೆ ಅಂತ ಅದರ ಅರ್ಥ. ಭಾವ ದಿನಾ ಬೆಳಗ್ಗೆ ಅದಕ್ಕೆ ವಾಪಸ್ ಹಾಯ್ ಹೇಳುತ್ತಾರೆ. ಫಿಲ್ಟರಿನ ಮೆದು ಲೇಪನ ಇಂಥ ಹವೆಯಲ್ಲಿ ತೇವ ಹೀರಿ ಹಾಳಾಗುತ್ತೆ ಅಂತ ಗಟ್ಟಿ ಲೇಪನವೇ ಬೇಕು ಅಂತ ಬರೆದೆ. ಬೆಲೆ ಅಲ್ಲೇ ಒಂದು ಮೆಟ್ಟಿಲು ಏರಿತು.

ಆ ಖಾನೆ ತುಂಬುವಾಗ ಅಜ್ಜನ ನೆನಪಾಯಿತು. ಬೇಯಿಸಿದ ಅಡಿಕೆಯನ್ನು ಚಪ್ಪರದ ಮೇಲೆ ಹರಡಿ, ಏಳೆಂಟು ದಿನ ಕಳೆದ ಮೇಲೆ ಒಂದು ಬೊಗಸೆ ಎತ್ತಿ ಕಿವಿಯ ಹತ್ತಿರ ಕುಲುಕುತ್ತಿದ್ದರು. ಸದ್ದು ಕೇಳಿ, "ಇನ್ನೊಂದು ಬಿಸಿಲು" ಅನ್ನೋರು. ಅಷ್ಟೇ. ಕೊನೆಕೊನೆಗೆ ಅವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ, ಕೂಗಿ ಹೇಳಬೇಕಿತ್ತು. ಅಡಿಕೆ ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ಹೇಗಿತ್ತು ಅಂತ ನಾನು ಒಂದು ದಿನವೂ ಕೇಳಿಸಿಕೊಂಡು ಕಲಿಯಲಿಲ್ಲ. ಈಗ ಹತ್ತೊಂಬತ್ತು ಖಾನೆ ತುಂಬುತ್ತಾ ಕೂತಿದ್ದೇನೆ.

ಸರಿ, ಕೊಟೇಶನ್. ಇವತ್ತು ಬಂದದ್ದು. ಲೇಪನ ಸರಿ, ವ್ಯಾಸ ಸರಿ, ಓಡಿ ಸರಿ, ಕೋನವಂತೂ ಭಾರೀ ಸರಿ. ತಲುಪೋಕೆ ಎಂಟು ವಾರ, ಕೊಯ್ಲಿಗೆ ಮುಂಚೆ ಕೈಗೆ ಸಿಗುತ್ತೆ. ಎಲ್ಲದಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: 790 ನ್ಯಾನೋಮೀಟರ್.

ಮೇಲ್ ತೆಗೆದು ನೋಡಿದೆ. ಫಾರ್ಮಿನ ಮೊದಲ ಖಾನೆಯಲ್ಲೇ ನಾನೇ ಟೈಪ್ ಮಾಡಿದ್ದು, 790. ಗೀರು, ಗುಂಡಿ, ಕೋನ ಅಂತ ಮೂರು ದಿನ ಒದ್ದಾಡಿದವನು ಮೊದಲ ಅಂಕಿಯನ್ನೇ ತಿರುವು ಮುರುವು ಹಾಕಿದ್ದೆ. 790ರಲ್ಲಿ ನೀರು ಬೆಳಕನ್ನು ಹೆಚ್ಚುಕಡಿಮೆ ಮೂಸಿಯೂ ನೋಡೋಲ್ಲ. ಹಸಿ ಅಡಿಕೆಯೂ ಒಂದೇ, ಒಣ ಅಡಿಕೆಯೂ ಒಂದೇ. ಭಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿ, "ಒಂಬತ್ತೂ ಇದೆ, ಏಳೂ ಇದೆ, ಸೊನ್ನೆಯೂ ಇದೆ. ಜಾಗ ಮಾತ್ರ ಬದಲಾಗಿದೆ. ಡಿಗ್ರಿ ಮಾಡಿದವರಿಗೆ ಇದು ನಾರ್ಮಲ್" ಅಂದರು.

ಈಗ ಹೊಸ ಫಾರ್ಮ್ ತೆರೆದಿದ್ದೇನೆ. ಈ ಸಲ ತಪ್ಪಬಾರದು ಅಂತ ಭಾವ ಒಂದೊಂದೇ ಅಂಕಿ ಹೇಳೋದು, ನಾನು ಒತ್ತೋದು ಅಂತ ಒಪ್ಪಂದ. "ಒಂಬತ್ತು" ಅಂದರು. ಒತ್ತಿದೆ. "ಏಳು" ಅಂದರು. ಒತ್ತಿದೆ. ಅಷ್ಟರಲ್ಲಿ ಫೋನ್ ಬಂತು ಅಂತ ಕೊಡೆ ಹಿಡಿದು ಆಚೆ ಹೋದವರು ಮುಕ್ಕಾಲು ಗಂಟೆಯಾದರೂ ಬಂದಿಲ್ಲ. ನಾನು ಸೊನ್ನೆಗೆ ಕಾಯುತ್ತಾ ಕೂತಿದ್ದೇನೆ.