ಮುಂದೆ ಎಲ್ಲಿಗೆ ಹೋಗೋದು ಅಣ್ಣ?

ಊರಿಂದ ನಿನ್ನೆ ರಾತ್ರಿ ಬಂದೆ. ಬಂದಾಗಿನಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಬರೆಯದೆ ಹೋದರೆ ಇವತ್ತೂ ನಿದ್ದೆ ಬರಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನು ಹೋಗಿದ್ದು ಅಮ್ಮನ ಮನೆಯ ಇ-ಸ್ವತ್ತು, ಅಂದರೆ ಪಂಚಾಯ್ತಿಯ ಆಸ್ತಿ ದಾಖಲೆ ಕೆಲಸಕ್ಕೆ. ಅಳತೆ ತಪ್ಪಾಗಿ ಬಿದ್ದಿದೆ. ಆದರೆ ಅವತ್ತೇ ಗ್ರಾಮಸಭೆ ಇತ್ತು, ಮುಗಿಯುವ ತನಕ ಪಿಡಿಒ (ಪಂಚಾಯ್ತಿ ಅಧಿಕಾರಿ) ಸಿಗಲ್ಲ ಅಂದರು. ಸರಿ ಅಂತ ಹಿಂದಿನ ಸಾಲಿನಲ್ಲಿ ಕೂತೆ.

ಕೆಳಗಿನ ಬೀದಿಯವರು ನೀರಿನ ಗಲಾಟೆ ಎತ್ತಿದರು. ವಾರದಿಂದ ನಲ್ಲಿಯಲ್ಲಿ ಹನಿ ನೀರಿಲ್ಲ, ಮೇಲಿನ ಬೀದಿಗೆ ಮಾತ್ರ ಬಿಡ್ತೀರಿ ಅಂತ. ದನಿ ಏರಿತು. ಒಬ್ಬರು ಮೇಜು ಗುದ್ದಿದರು. ಆಗ ಆ ವಾರ್ಡಿನ ಸದಸ್ಯೆ ಎದ್ದು ನಿಂತರು. ನಲವತ್ತರ ಆಸುಪಾಸು ಇರಬಹುದು. ಇದು ಅವರ ಎರಡನೇ ಅವಧಿ. ಕೈಯಲ್ಲಿ ಶಾಲೆ ಮಕ್ಕಳ ನೋಟ್‌ಬುಕ್ ಒಂದಿತ್ತು. ಅದರಲ್ಲಿ ಯಾವ ದಿನ ವಾಲ್ವ್ ಎಷ್ಟು ಹೊತ್ತಿಗೆ ತೆಗೆದರು, ಎಷ್ಟು ಹೊತ್ತಿಗೆ ಮುಚ್ಚಿದರು, ಕರೆಂಟ್ ಯಾವಾಗ ಹೋಯಿತು, ಎಲ್ಲ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ‘ಸೋಮವಾರ ಆರೂವರೆಗೆ ಬಿಟ್ಟಿದ್ದಾರೆ. ಏಳೂ ಹತ್ತಕ್ಕೆ ಕರೆಂಟ್ ಹೋಗಿದೆ. ಟ್ಯಾಂಕೇ ತುಂಬಿಲ್ಲ. ವಾಟರ್‌ಮ್ಯಾನ್ ಮೇಲೆ ಕೂಗಾಡಬೇಡಿ’ ಅಂದರು. ಆಮೇಲೆ ಪಿಡಿಒ ಕಡೆ ತಿರುಗಿದರು. ಪಂಚಾಯ್ತಿಗೆ ಬರುವ ಹಣಕಾಸು ಆಯೋಗದ ದುಡ್ಡಿನಲ್ಲಿ ನೀರಿಗೆ ಅಂತ ಇಟ್ಟಿರೋದರಲ್ಲಿ ಕೆಳಗಿನ ಬೀದಿಗೆ ಬೇರೆ ವಾಲ್ವ್ ಹಾಕಿಸಿ, ಕ್ರಿಯಾ ಯೋಜನೆಗೆ ಸೇರಿಸಿ, ಈಗಲೇ ನಡಾವಳಿಯಲ್ಲಿ ಬರೀರಿ ಅಂದರು. ಅವರು ಬರೆಯುವ ತನಕ ಈಯಮ್ಮ ಕೂರಲಿಲ್ಲ. ಹತ್ತು ನಿಮಿಷದಲ್ಲಿ ಸಭೆ ತಣ್ಣಗಾಯಿತು.

ನನಗೆ ಎಷ್ಟು ಖುಷಿ ಆಯಿತು ಅಂದರೆ, ಆಚೆ ಬಂದ ತಕ್ಷಣ ಹೋಗಿ ಮಾತಾಡಿಸಿದೆ. ಇಷ್ಟು ಕೆಲಸ ಗೊತ್ತಿದೆಯಲ್ಲಮ್ಮ, ಇನ್ನು ತಾಲ್ಲೂಕು ಪಂಚಾಯ್ತಿಗೆ ನಿಂತುಕೊಳ್ಳಿ ಅಂದೆ.

‘ಎಲೆಕ್ಷನ್ನೇ ಇಲ್ವಲ್ಲ. ಮುಂದೆ ಎಲ್ಲಿಗೆ ಹೋಗೋದು ಅಣ್ಣ?’

ಉತ್ತರ ಇರಲಿಲ್ಲ ನನ್ನ ಹತ್ತಿರ. ನಿಮ್ಮ ಹತ್ತಿರ ಇದೆಯಾ?

ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಕೊನೇ ಸಲ ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟ್ ಅಂದರು. ಸರ್ಕಾರವೂ ಬದಲಾಯಿತು. ಎಲೆಕ್ಷನ್ ಮಾತ್ರ ಬರಲಿಲ್ಲ. ಬೆಂಗಳೂರಿನ ಕಥೆಯೂ ಅದೇ. 198 ವಾರ್ಡಿಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ಆಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಅಧಿಕಾರಿಗಳದ್ದೇ ಆಡಳಿತ. ಅವಧಿ ಮುಗಿಯುವುದಕ್ಕೆ ಮುಂಚೆಯೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಪಂಚಾಯ್ತಿಗೆ 243ಇ, ನಗರಸಭೆ, ಪಾಲಿಕೆಗಳಿಗೆ 243ಯು. ಇದಕ್ಕಿಂತ ಸ್ಪಷ್ಟವಾಗಿ ಬರೆಯೋದು ಹೇಗೆ?

ಅದೂ ಎಂಥ ರಾಜ್ಯದಲ್ಲಿ! ಇಡೀ ದೇಶಕ್ಕೆ ಪಂಚಾಯ್ತಿ ಕಾನೂನು ಬರುವ ಮುಂಚೆಯೇ, 1983ರಲ್ಲೇ, ಆಗ ಪಂಚಾಯ್ತಿ ಮಂತ್ರಿಯಾಗಿದ್ದ ನಜೀರ್ ಸಾಬ್ ಮುಂದೆ ನಿಂತು ಇಲ್ಲಿ ಕಾಯ್ದೆ ಮಾಡಿಸಿದರು. 1987ರಲ್ಲಿ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು ಅವತ್ತೇ ಕೊಟ್ಟಿದ್ದರು. ಹಳ್ಳಿಗಳಿಗೆ ಬೋರ್‌ವೆಲ್ ಕೊಡಿಸಿ ನೀರ್ ಸಾಬ್ ಅನ್ನಿಸಿಕೊಂಡವರು ಅವರು. ಅವರ ನಾಡಿನಲ್ಲಿ ನೀರಿನ ಲೆಕ್ಕ ಬರೆದಿಡುವ ಹೆಣ್ಣುಮಗಳಿಗೆ ಮುಂದಿನ ಮೆಟ್ಟಿಲು ಇಲ್ಲ.

ಮೆಟ್ಟಿಲು ಅಂತ ಯಾಕೆ ಹೇಳ್ತಿದ್ದೇನೆ ಅಂದರೆ, ರಾಜಕೀಯ ಅನ್ನೋದು ಕಲಿಯುವ ಕೆಲಸ. ಪುಸ್ತಕದಿಂದ ಬರಲ್ಲ. ನಮ್ಮ ದೊಡ್ಡ ನಾಯಕರನ್ನೇ ನೋಡಿ, ಯಾವ ಪಕ್ಷದವರಾದರೂ ಸರಿ. ದೇವೇಗೌಡರು ಸಿವಿಲ್ ಡಿಪ್ಲೊಮಾ ಮಾಡಿದವರು. ಹೊಳೆನರಸೀಪುರದಲ್ಲಿ ಸಹಕಾರ ಸಂಘ ನೋಡಿಕೊಂಡರು, ತಾಲ್ಲೂಕು ಬೋರ್ಡ್ ಸದಸ್ಯರಾದರು, 1962ರಲ್ಲಿ ಪಕ್ಷೇತರರಾಗಿ ಗೆದ್ದರು. ಪ್ರಧಾನಿ ಆಗಿದ್ದು 1996ರಲ್ಲಿ. ಯಡಿಯೂರಪ್ಪನವರು 1975ರಲ್ಲಿ ಶಿಕಾರಿಪುರ ಪುರಸಭೆಗೆ ಗೆದ್ದರು, ಎಂಟು ವರ್ಷ ಬಿಟ್ಟು ಶಾಸಕರಾದರು. ಸಿದ್ದರಾಮಯ್ಯನವರೂ 1978ರಲ್ಲಿ ತಾಲ್ಲೂಕು ಬೋರ್ಡಿಗೆ ಹೋಗಿ, ಆಮೇಲೆ 1983ರಲ್ಲಿ ವಿಧಾನಸಭೆಗೆ ಬಂದರು. ಖರ್ಗೆಯವರದ್ದು ಕಲಬುರಗಿಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಸಂಘದಿಂದ, ಕಾರ್ಮಿಕರ ಕೇಸುಗಳಿಂದ ಶುರುವಾದ ದಾರಿ. 1972ರಲ್ಲಿ ಮೊದಲ ಸಲ ಶಾಸಕರಾದರು.

ಇವರ ಪಕ್ಷ, ನಿಲುವು ನಿಮಗೆ ಇಷ್ಟ ಇರಲಿ, ಬಿಡಲಿ. ಒಬ್ಬರೂ ನೇರವಾಗಿ ಮೇಲಿನಿಂದ ಇಳಿದವರಲ್ಲ. ಚರಂಡಿ, ದೀಪ, ಜಮೀನಿನ ಜಗಳ ನೋಡಿ ಬಂದವರು. ಇವತ್ತು 21 ತುಂಬಿದ ಹುಡುಗ ಇದೇ ದಾರಿ ಹಿಡಿಯಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು? ಕಾಲೇಜಿನಲ್ಲಿ ಸಂಘದ ಚುನಾವಣೆ ನಿಂತು ಎಷ್ಟೋ ಕಾಲವಾಯಿತು. ಗ್ರಾಮ ಪಂಚಾಯ್ತಿ ಒಂದಿದೆ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಲ್ಲಿಂದ ನೇರ ವಿಧಾನಸಭೆ. ಆ ಕ್ಷೇತ್ರದಲ್ಲಿ ಲಕ್ಷ ಎರಡು ಲಕ್ಷ ಓಟು. ಅಭ್ಯರ್ಥಿ ಖರ್ಚು ಮಾಡಬಹುದು ಅಂತ ಕಾನೂನೇ ಒಪ್ಪುವ ಮೊತ್ತ 40 ಲಕ್ಷ. ಪಕ್ಷ ಮಾಡುವ ಖರ್ಚಿಗೆ ಆ ಮಿತಿಯೂ ಇಲ್ಲ. ನಡುವಿನ ಎರಡು ಮೆಟ್ಟಿಲು ಕಿತ್ತು ಹಾಕಿ, ಹತ್ತು ಅಂದರೆ ಯಾರು ಹತ್ತುತ್ತಾರೆ? ಅಪ್ಪನ ಹೆಗಲು ಇರುವವರು, ದುಡ್ಡಿನ ಏಣಿ ಇರುವವರು. ಆಮೇಲೆ ನಾವೇ ಟಿವಿ ಮುಂದೆ ಕೂತು ‘ಎಲ್ಲ ವಂಶದವರೇ ತುಂಬಿಕೊಂಡಿದ್ದಾರೆ, ಯುವಕರು ರಾಜಕೀಯಕ್ಕೆ ಬರ್ತಿಲ್ಲ’ ಅಂತೀವಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ.

ಎಷ್ಟೋ ಚುನಾವಣೆಗಳಲ್ಲಿ ನಾನು ಪಕ್ಷದ ಬೂತ್ ಏಜೆಂಟ್ ಆಗಿ ಕೂತಿದ್ದೇನೆ. ಆಗ ನನ್ನ ಜೊತೆ ಪೋಸ್ಟರ್ ಅಂಟಿಸಿದ ಹುಡುಗರು ಈಗ ಐವತ್ತು ದಾಟಿದ್ದಾರೆ. ಬಿ ಫಾರಂ (ಪಕ್ಷದ ಟಿಕೆಟ್) ಹಾಳಾಗಲಿ, ಯಾವುದಾದರೂ ಸಮಿತಿಯ ನಾಮನಿರ್ದೇಶನಕ್ಕಾದರೂ ಹೆಸರು ಹೋಗಲಿ ಅಂತ ಶಾಸಕರ ಮನೆ ಮುಂದೆ ಬೆಳಿಗ್ಗೆ ಏಳಕ್ಕೇ ನಿಲ್ಲುತ್ತಾರೆ. ಗೆದ್ದು ಬರುವ ಜಾಗ ಇದ್ದಿದ್ದರೆ ಯಾಕೆ ಹಾಗೆ ನಿಲ್ಲಬೇಕಿತ್ತು? ಸೋತಿದ್ದರೂ ಪರವಾಗಿರಲಿಲ್ಲ, ಜನರ ಹತ್ತಿರ ಹೋಗಿ ಸೋತೆ ಅನ್ನಬಹುದಿತ್ತು. ಈಗ ಭವಿಷ್ಯ ಪೂರ್ತಿ ಒಬ್ಬರ ಕೈಯಲ್ಲಿ. ಅವರಿಗೆ ಬೇಸರ ಆಗದ ಹಾಗೆ ಇರೋದನ್ನೇ ಇವರು ಮೂವತ್ತು ವರ್ಷ ಕಲಿತರು. ಹೊಸ ಹುಡುಗರೋ, ನಾಯಕರ ವಿಡಿಯೊ ಎಡಿಟ್ ಮಾಡೋದು, ಬರ್ತ್‌ಡೇ ಫ್ಲೆಕ್ಸ್ ಹಾಕಿಸೋದು. ಬುದ್ಧಿವಂತ ಮಕ್ಕಳು ಅವರು. ಎರಡು ಬೀದಿಯವರನ್ನು ಎದುರುಬದುರು ಕೂರಿಸಿ ಮಾತಾಡಿಸೋದನ್ನು ಮಾತ್ರ ಯಾರೂ ಅವರಿಗೆ ಕಲಿಸುತ್ತಿಲ್ಲ.

ಇದನ್ನೇ ಫೋನಿನಲ್ಲಿ ಒಬ್ಬ ಸ್ನೇಹಿತನಿಗೆ ಹೇಳಿದೆ. ಅವನು ಅಂದ, ಸ್ಥಳೀಯ ಸಂಸ್ಥೆ ಅಂದರೆ ಕಮಿಷನ್ನು ಕಣೋ, ಇಲ್ಲದಿದ್ದರೇ ಒಳ್ಳೇದು, ಅಧಿಕಾರಿಗಳು ನೋಡಿಕೊಳ್ಳಲಿ. ಕಮಿಷನ್ ಇಲ್ಲ ಅಂತ ನಾನು ಹೇಳಲ್ಲ. ಆದರೆ ಕಾರ್ಪೊರೇಟರ್ ಹೋದ ಮೇಲೆ ನಿಂತುಹೋಯಿತಾ? ಸದಸ್ಯ ತಪ್ಪು ಮಾಡಿದರೆ ಸಂತೆಯಲ್ಲಿ ಸಿಕ್ಕಾಗ ಕೇಳಬಹುದು, ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿಗೆ ವರ್ಗ ಆದರೆ ಯಾರನ್ನು ಕೇಳ್ತೀರಿ? ಇಲ್ಲ, ನೇರ ಬಂದವರೂ ಚೆನ್ನಾಗಿ ಕೆಲಸ ಮಾಡಿದ್ದಾರಲ್ಲ ಅಂದ. ಮಾಡಿದ್ದಾರೆ. ಅಲ್ಲೊಬ್ಬರು ಇಲ್ಲೊಬ್ಬರು. ಹಾಗಂತ ಮೆಟ್ಟಿಲೇ ಬೇಡ ಅನ್ನೋದಾ?

ಒಂದು ಅನುಮಾನ ನನಗಿದೆ, ಹೇಳಿಬಿಡುತ್ತೇನೆ. ಕೆಳಗೆ ಹೊಸಬರು ಬೆಳೆಯೋದು ಮೇಲೆ ಕೂತವರಿಗೆ ಬೇಕಿಲ್ಲ. ಚೆನ್ನಾಗಿ ಕೆಲಸ ಮಾಡಿದ ಜಿಲ್ಲಾ ಪಂಚಾಯ್ತಿ ಸದಸ್ಯ ನಾಳೆ ಟಿಕೆಟ್ ಕೇಳುತ್ತಾನೆ. ಇದರಲ್ಲಿ ಮಾತ್ರ ಎಲ್ಲ ಪಕ್ಷದವರೂ ಒಂದೇ.

ಇನ್ನೊಂದು ವಿಷಯ ಇದೆ. ಇದನ್ನು ಬರೆಯೋದು ಕಷ್ಟ. ಎರಡು ವರ್ಷದ ಹಿಂದೆ ನನ್ನ ಮಗಳು, ಅಪ್ಪ ನಾನು ರಾಜಕೀಯಕ್ಕೆ ಹೋಗ್ತೀನಿ ಅಂದಿದ್ದಳು. ಮೊದಲು ಒಂದು ಕೆಲಸ ಹಿಡಿ, ಅದೆಲ್ಲ ನಮ್ಮಂಥವರಿಗಲ್ಲ ಅಂತ ನಾನೇ ಬಾಯಿ ಮುಚ್ಚಿಸಿದೆ. ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಓಟು ಕೇಳಿದವನು ನಾನು. ನನ್ನ ಮಗಳಿಗೆ ಹಾಗೆ ಅಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆ ತಂಗಿ ‘ಮುಂದೆ ಎಲ್ಲಿಗೆ ಹೋಗೋದು’ ಅಂದಾಗ ನನಗೆ ನೆನಪಾಗಿದ್ದು ಮಗಳ ಮುಖ.

ಇವತ್ತು ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ನೀರಿನ ನೋಟ್‌ಬುಕ್ಕಿನ ಕಥೆ ಪೂರ್ತಿ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಕೊನೆಗೆ, ವಾಲ್ವ್ ನಿಜವಾಗಲೂ ಹಾಕಿಸಿದರಾ ಅಂತ ಕೇಳಿದಳು. ಬಾ, ನೋಡಿಕೊಂಡು ಬರೋಣ ಅಂದೆ. ಅಮ್ಮನ ಇ-ಸ್ವತ್ತು ಕೆಲಸವೂ ಇನ್ನೂ ಆಗಿಲ್ಲ. ಮುಂದಿನ ವಾರ ಇಬ್ಬರೂ ಹೋಗ್ತಿದ್ದೇವೆ.